ಓದುಗರ ಪ್ರಶ್ನೆ, ನಮ್ಮ ಉತ್ತರ: ಒಳಗೇನೂ ಇಲ್ಲದ ರಾಜಕೀಯ ಪುಸ್ತಕ

ಪ್ರಶ್ನೆ: ಮಾನ್ಯರೇ, ನನ್ನ ದೊಡ್ಡಪ್ಪನವರು ಬಹಳ ಕಾಲದಿಂದ ಒಂದೇ ಪಕ್ಷದ ಕಟ್ಟಾ ಬೆಂಬಲಿಗರು. ನಾನು ಅದರ ಎದುರು ಪಕ್ಷದ ಕಡೆಯವನು. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಎಲ್ಲರೂ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುವಾಗ ಅವರಿಗೊಂದು ತಮಾಷೆಯ ಉಡುಗೊರೆ ಕೊಡಬೇಕೆಂದು ಆನ್‌ಲೈನ್‌ನಲ್ಲಿ ಹುಡುಕುತ್ತಿದ್ದಾಗ, ಅವರ ನಾಯಕರ ಸಾಧನೆಗಳ ಸಮಗ್ರ ಚರಿತ್ರೆ ಎಂಬ ಅರ್ಥದ ಶೀರ್ಷಿಕೆಯುಳ್ಳ ಪುಸ್ತಕವೊಂದು ಕಣ್ಣಿಗೆ ಬಿತ್ತು. ಹೊರಗೆ ಗಂಭೀರವಾದ ಭಾವಚಿತ್ರ; ಒಳಗೆ 200 ಪುಟ, ಎಲ್ಲವೂ ಖಾಲಿ. ಬೆಲೆ 450 ರೂಪಾಯಿ. ಇದು ಪುಸ್ತಕವೇ? ಕೊಳ್ಳಬಹುದೇ? ಇಷ್ಟವಾಗದಿದ್ದರೆ ಹಿಂದಿರುಗಿಸಬಹುದೇ?
– ಓದುಗರೊಬ್ಬರು, ವಿರಾಜಪೇಟೆ ತಾಲ್ಲೂಕು

ಉತ್ತರ: ಕೊಳ್ಳಬಹುದು. ಆದರೆ ನೀವು ಹಣ ಕೊಡುತ್ತಿರುವುದು ಒಂದು ಶೀರ್ಷಿಕೆಗೆ ಮತ್ತು ಅದನ್ನು ಹೊತ್ತಿರುವ ರಟ್ಟಿಗೆ ಮಾತ್ರ ಎಂಬುದು ಮೊದಲೇ ಮನಸ್ಸಿನಲ್ಲಿರಲಿ. ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಅಷ್ಟೇ ಪುಟಗಳ ನೋಟ್‌ಬುಕ್ ಇದಕ್ಕಿಂತ ತುಂಬಾ ಅಗ್ಗವಾಗಿ ಸಿಗುತ್ತದೆ. ಉಳಿದದ್ದೆಲ್ಲ ನಗುವಿನ ಬೆಲೆ. ಆ ನಗುವಾದರೋ, ದೊಡ್ಡಪ್ಪನವರು ರಟ್ಟನ್ನು ಓದಿ, ಮೊದಲ ಎರಡು ಹಾಳೆಗಳನ್ನು ತಿರುವಿ, ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮುಗಿದುಹೋಗುತ್ತದೆ.

ಈ ಬಗೆಯ ತಮಾಷೆ ಹೊಸದೇನೂ ಅಲ್ಲ. 2017ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ, ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕಲು ಇರುವ ಕಾರಣಗಳನ್ನು ವಿವರಿಸುವುದಾಗಿ ಹೇಳಿಕೊಂಡ 266 ಪುಟಗಳ ಪುಸ್ತಕವೊಂದು ಅಮೆಜಾನ್‌ನ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ಅಧ್ಯಾಯಗಳ ಹೆಸರುಗಳಿದ್ದವು, ಕೊನೆಯಲ್ಲಿ ಗ್ರಂಥಸೂಚಿಯೂ ಇತ್ತು. ಕಾರಣಗಳಿರಬೇಕಾದ ಜಾಗ ಮಾತ್ರ ಖಾಲಿ. ಹೆಚ್ಚು ಕಾಲ ಕಳೆಯುವ ಮೊದಲೇ ರಿಪಬ್ಲಿಕನ್ ಪಕ್ಷದ ಹೆಸರಿನಲ್ಲಿಯೂ ಅದೇ ಮಾದರಿಯ ಖಾಲಿ ಪುಸ್ತಕ ಮಾರಾಟಕ್ಕೆ ಬಂತು. ನನ್ನ ತಕರಾರು ಇರುವುದು ಇಲ್ಲಿಯೇ. ಹೆಸರೊಂದನ್ನು ಬದಲಾಯಿಸಿದ ಕೂಡಲೇ ಎದುರಾಳಿಗೂ ಸರಿಹೊಂದುವ ವಿಡಂಬನೆಗೆ ಯಾರ ಪರಿಚಯವೂ ಬೇಕಾಗಿಲ್ಲ; ಆದ್ದರಿಂದ ಅದು ಯಾರಿಗೂ ನಾಟುವುದಿಲ್ಲ. ಮುಂದಿನ ಹುತ್ತರಿಗೆ ನಿಮ್ಮ ನಾಯಕರ ಭಾವಚಿತ್ರವಿರುವ ಅದೇ 200 ಪುಟಗಳನ್ನು ದೊಡ್ಡಪ್ಪನವರು ನಿಮ್ಮ ಕೈಗಿತ್ತರೆ ನೀವು ಕೊಡಬಹುದಾದ ಉತ್ತರವೇನು ಎಂಬುದನ್ನು ಯೋಚಿಸಿ.

ಇದು ಪುಸ್ತಕವೇ ಎಂಬ ಪ್ರಶ್ನೆಗೆ ತೆರಿಗೆಯ ಕಡೆಯಿಂದ ಒಂದು ಸ್ವಾರಸ್ಯಕರವಾದ ಉತ್ತರವಿದೆ. ಮುದ್ರಿತ ಪುಸ್ತಕಗಳಿಗೆ ಜಿಎಸ್‌ಟಿ ಇಲ್ಲ, ಬರೆಯಲು ಖಾಲಿ ಪುಟಗಳಿರುವ ಡೈರಿಗಳಿಗೆ ಶೇಕಡಾ 18ರಷ್ಟು ಇದೆ. ಬಿಲ್ಲಿನಲ್ಲಿ ಆ ತೆರಿಗೆ ಕಾಣಿಸಿಕೊಂಡರೆ ಮಾರಾಟಗಾರರೇ ಅದನ್ನು ಪುಸ್ತಕವೆಂದು ಒಪ್ಪಿಲ್ಲ ಎಂದು ತಿಳಿಯಬಹುದು. ಹಿಂಬದಿಯಲ್ಲಿ 978ರಿಂದ ಆರಂಭವಾಗುವ 13 ಅಂಕಿಗಳ ಐಎಸ್‌ಬಿಎನ್ ಇದೆಯೆಂದು ಮರುಳಾಗಬೇಡಿ. ಅದು ಪ್ರಕಟಣೆಯೊಂದನ್ನು ಗುರುತಿಸಲು ಕೊಡುವ ಸಂಖ್ಯೆಯೇ ಹೊರತು ಒಳಗೆ ಏನಾದರೂ ಇದೆಯೆಂಬ ಭರವಸೆಯಲ್ಲ.

ಹಿಂದಿರುಗಿಸುವ ವಿಷಯ ಇನ್ನೂ ಸೂಕ್ಷ್ಮವಾದದ್ದು. ಸಾಮಾನ್ಯವಾಗಿ ಪುಸ್ತಕದ ನಡುವೆ ನಾಲ್ಕು ಪುಟ ಅಚ್ಚಾಗದೆ ಬಂದರೂ ಅದು ದೋಷವೇ, ಬದಲಿ ಪ್ರತಿಯನ್ನು ಕೇಳಬಹುದು. ಇಲ್ಲಿ ಮಾತ್ರ ಅಚ್ಚಾಗದಿರುವುದೇ ಸರಕು. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ, ಬಂದ ವಸ್ತು ದೋಷಪೂರಿತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳನ್ನು ಹೊಂದಿಲ್ಲದಿದ್ದರೆ ಅದನ್ನು ವಾಪಸು ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಹಾಗಾಗಿ ಪುಟಗಳು ಖಾಲಿಯೆಂದು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿದ್ದರೆ, ಖಾಲಿಯಾಗಿದೆ ಎಂಬ ಕಾರಣಕ್ಕೆ ನೀವು ದೂರುವಂತಿಲ್ಲ. ಅದನ್ನು ಮರೆಮಾಚಿ ನಿಜವಾದ ಜೀವನಚರಿತ್ರೆ ಎಂಬಂತೆ ಮಾರಿದ್ದರೆ ದೂರಲು ಆಧಾರವಿರುತ್ತದೆ. ಆದ್ದರಿಂದ ಹಣ ಪಾವತಿಸುವ ಮೊದಲೇ ವಿವರಣೆಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮಾರಾಟಗಾರರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದಾಗಿದ್ದು, ಮಾರಾಟಗಾರರು ದೆಹಲಿಯಲ್ಲಿದ್ದರೂ ನೀವು ಜಿಲ್ಲಾ ಕೇಂದ್ರವಾದ ಮಡಿಕೇರಿಯನ್ನು ದಾಟಬೇಕಾಗಿಲ್ಲ. 450 ರೂಪಾಯಿಗೆ ಅಷ್ಟು ದೂರ ಹೋಗುವಿರೋ ಇಲ್ಲವೋ ನಿಮಗೇ ಬಿಟ್ಟದ್ದು.

ಇಷ್ಟಾದ ಮೇಲೂ ಕೊಳ್ಳುವುದಾದರೆ ಕಾಗದದ ಗುಣಮಟ್ಟವನ್ನು ವಿಚಾರಿಸಿ. ತೆಳುವಾದ ಅಗ್ಗದ ಕಾಗದವು ನಮ್ಮ ಮಳೆಗಾಲದಲ್ಲಿ ತೇವ ಹೀರಿ, ಆಗಸ್ಟ್ ಮುಗಿಯುವುದರೊಳಗೆ ಬೂಸ್ಟು ಹಿಡಿಯುತ್ತದೆ. ಕಾಗದ ಚೆನ್ನಾಗಿದ್ದರೆ ದೊಡ್ಡಪ್ಪನವರಿಗೆ ಅದರಿಂದ ಉಪಯೋಗವೂ ಉಂಟು. ತೋಟದ ಮಳೆಯ ಲೆಕ್ಕವನ್ನು ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಭಾಗ) ದಿನವೂ ಬರೆದಿಡುವ ಅಭ್ಯಾಸ ಅವರಿಗಿದ್ದರೆ, ತಮ್ಮ ನಾಯಕರ ಸಾಧನೆಯ ಪುಟಗಳನ್ನು ಮಳೆಯಿಂದಲೇ ತುಂಬಿಸಿ ನಿಮಗೆ ತೋರಿಸಿಯಾರು.

ಪ್ರಶ್ನೆ: ಖಾಲಿ ಪುಸ್ತಕದ ಬದಲಿಗೆ ರಾಜಕೀಯವನ್ನು ಗೇಲಿ ಮಾಡುವ, ಓದಲು ಏನಾದರೂ ಇರುವ ಕನ್ನಡ ಪುಸ್ತಕವನ್ನು ಉಡುಗೊರೆಯಾಗಿ ಕೊಡುವುದು ಒಳ್ಳೆಯದಲ್ಲವೇ?
– ನಿವೃತ್ತ ಶಿಕ್ಷಕಿ, ಸುಂಟಿಕೊಪ್ಪ

ಉತ್ತರ: ಖಂಡಿತವಾಗಿಯೂ ಒಳ್ಳೆಯದು, ಮೇಡಂ. ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ವೃತ್ತಿಯಿಂದ ವೈದ್ಯರಾಗಿದ್ದ ‘ರಾಶಿ’ಯವರು (ಎಂ. ಶಿವರಾಂ) 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯ ಪತ್ರಿಕೆ 1967ರವರೆಗೆ ನಡೆಯಿತು, ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರೂ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದವರು. ಅದೇ ಬಳಗದ ನಾ. ಕಸ್ತೂರಿಯವರ ‘ಅನರ್ಥಕೋಶ’ವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು, ಏಕೆಂದರೆ ಅದೂ ನೋಡಲು ಒಂದು ಬಗೆಯ ಚಮತ್ಕಾರದ ಪುಸ್ತಕವೇ. ಹೊರಗೆ ನಿಘಂಟಿನ ವೇಷ, ಒಳಗೆ ತಲೆಕೆಳಗಾದ ಅರ್ಥಗಳು. ಖಾಲಿ ಪುಸ್ತಕದ ಹಾಗೆ ಅದೂ ಓದುಗರಿಗೆ ಒಂದನ್ನು ತೋರಿಸಿ ಇನ್ನೊಂದನ್ನು ಕೊಡುತ್ತದೆ. ಆದರೆ ಕೊಡುವುದಂತೂ ನಿಜ. ಯಾವ ಪುಟವನ್ನು ತೆರೆದರೂ ಒಂದು ನಗು ಹೊಸದಾಗಿ ಸಿಗುತ್ತದೆ, ಮನೆಯಲ್ಲಿ ಒಬ್ಬರು ಓದಿದ್ದನ್ನು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬಹುದು. ಹಳೆಯ ಮುದ್ರಣಗಳಿಗೆ ಬೆಂಗಳೂರು, ಮೈಸೂರುಗಳ ಹಳೆ ಪುಸ್ತಕದಂಗಡಿಗಳಲ್ಲಿ ಕೇಳಿ ನೋಡಿ.

ಪ್ರಶ್ನೆ: ಇಂಥ ಪುಸ್ತಕವನ್ನು ವಿದೇಶದಿಂದ ತರಿಸಿದರೆ ಸುಂಕ ಬೀಳುತ್ತದೆಯೇ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಬೀಳುತ್ತದೆ. ಆಮದಾಗುವ ಮುದ್ರಿತ ಪುಸ್ತಕಗಳ ಮೇಲೆ ಶೇಕಡಾ 5ರ ಸೀಮಾಸುಂಕವನ್ನು 2019ರ ಬಜೆಟ್‌ನಲ್ಲಿಯೇ ವಿಧಿಸಲಾಗಿದೆ. ಸುಂಕಕ್ಕಿಂತ ಸಾಗಣೆಯ ವೆಚ್ಚವೇ ಹೆಚ್ಚಾಗುವ ಸಂಭವವಿದೆ. ಖಾಲಿ ಕಾಗದಕ್ಕಾಗಿ ಅಷ್ಟು ಖರ್ಚು ಮಾಡಬೇಡಿ.

ಪ್ರಶ್ನೆ: ನಮ್ಮ ಯುವಕರ ಬಳಗವು ಮುಂದಿನ ವಿಧಾನಸಭಾ ಚುನಾವಣೆಯ ಹೊತ್ತಿಗೆ ಕೊಡಗಿನ ಜನಪ್ರತಿನಿಧಿಗಳ ಸಾಧನೆಯ ಕುರಿತು ಇಂಥದೇ ಖಾಲಿ ಕಿರುಪುಸ್ತಕವೊಂದನ್ನು ಸ್ಥಳೀಯ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿ ಹಂಚಬೇಕೆಂದಿದೆ. ಕಾನೂನಿನ ತೊಡಕೇನಾದರೂ ಉಂಟೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಉಂಟು, ಆದರೆ ಅದಕ್ಕಿಂತ ಮೊದಲು ಕೃತಿಯ ಬಗ್ಗೆಯೇ ಒಂದು ಮಾತು. ಪೂರ್ತಿ ಖಾಲಿ ಬಿಡುವುದು ಸೋಮಾರಿತನ. ಕೊಡಗಿನ ಓದುಗರಿಗೆ ವಿಷಯದ ಕೊರತೆ ಇಲ್ಲ. 1952ರಿಂದ 1956ರವರೆಗೆ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದ, 24 ಸದಸ್ಯರ ಸ್ವಂತ ವಿಧಾನಸಭೆ ಇದ್ದ ನಾಡಿದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಂದಿಗೆ ವಿಲೀನವಾದ ನಂತರದ ಕಥೆಯಲ್ಲಿ, ಮೂರಾಗಿದ್ದ ವಿಧಾನಸಭಾ ಕ್ಷೇತ್ರಗಳು 2008ರ ಚುನಾವಣೆಯಿಂದ ಮಡಿಕೇರಿ ಮತ್ತು ವಿರಾಜಪೇಟೆ ಎಂಬ ಎರಡಕ್ಕೆ ಇಳಿದದ್ದೂ ಸೇರುತ್ತದೆ. ಕುಶಾಲನಗರಕ್ಕೆ ರೈಲು ಬರುವ ಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಎಡಗಡೆಯ ಪುಟದಲ್ಲಿ ಭರವಸೆಯನ್ನು ಅದು ಪ್ರಕಟವಾದ ದಿನಾಂಕದೊಂದಿಗೆ, ಹೇಳಿದವರ ಮಾತಿನಲ್ಲಿಯೇ ಅಚ್ಚು ಹಾಕಿಸಿ, ಬಲಗಡೆಯ ಪುಟವನ್ನು ಮಾತ್ರ ಖಾಲಿ ಬಿಡಿ. ಆಗ ಆ ಖಾಲಿ ಜಾಗವು ಏನನ್ನು ಕುರಿತು ಖಾಲಿಯಾಗಿದೆ ಎಂಬುದು ಓದುಗರಿಗೆ ತಿಳಿಯುತ್ತದೆ, ಮತ್ತು ಆ ಪುಟವನ್ನು ಬೇರೊಬ್ಬರ ಹೆಸರಿನ ಕೆಳಗೆ ಅಂಟಿಸಲು ಬರುವುದಿಲ್ಲ. ಕೆಲಸ ನಡೆದಿರುವ ಕಡೆ ನಡೆದಿದೆ ಎಂದು ಬರೆಯುವಷ್ಟು ಪ್ರಾಮಾಣಿಕತೆಯೂ ಇರಲಿ. ಎಲ್ಲ ಪಕ್ಷಗಳವರಿಗೂ ಪುಟಗಳನ್ನು ಮೀಸಲಿಟ್ಟರೆ ಇನ್ನೂ ಉತ್ತಮ.

ಇನ್ನು ಕಾನೂನು. 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಂ, ಅಭ್ಯರ್ಥಿಯೊಬ್ಬರ ಅಥವಾ ಒಂದು ಗುಂಪಿನ ಅಭ್ಯರ್ಥಿಗಳ ಗೆಲುವಿಗೆ ನೆರವಾಗುವ ಅಥವಾ ಅಡ್ಡಿಯಾಗುವ ಉದ್ದೇಶದಿಂದ ಹಂಚುವ ಯಾವುದೇ ಮುದ್ರಿತ ಕರಪತ್ರ ಅಥವಾ ದಾಖಲೆಯನ್ನು ಚುನಾವಣಾ ಕರಪತ್ರವೆಂದೇ ಪರಿಗಣಿಸುತ್ತದೆ. ತಮಾಷೆಗಾಗಿ ಮಾಡಿದ್ದು ಎಂಬ ಕಾರಣಕ್ಕೆ ಅದರಲ್ಲಿ ವಿನಾಯಿತಿ ಇಲ್ಲ. ಅಂಥದರ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದರ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಮಾನನಷ್ಟದ ಅಪರಾಧವಿದೆ. ಸಾರ್ವಜನಿಕ ಹುದ್ದೆಯಲ್ಲಿರುವವರ ಅಧಿಕೃತ ನಡವಳಿಕೆಯ ಬಗ್ಗೆ ಸದುದ್ದೇಶದಿಂದ ಹೇಳುವ ಅಭಿಪ್ರಾಯಕ್ಕೆ ಅದರಲ್ಲಿ ರಕ್ಷಣೆ ಇದೆಯಾದರೂ, ಮನೆಯವರನ್ನು ಅಥವಾ ಖಾಸಗಿ ಬದುಕನ್ನು ಎಳೆದು ತಂದರೆ ಆ ರಕ್ಷಣೆಯನ್ನು ನಂಬಿ ಕೂರುವಂತಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗಳು ನಮ್ಮಲ್ಲಿ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲವಾದ್ದರಿಂದ ಈ ಕಿರುಪುಸ್ತಕವನ್ನು ಅಲ್ಲಿಯವರೆಗೆ ಎಳೆಯದಿರುವುದು ಲೇಸು.

ಮುದ್ರಣಾಲಯಕ್ಕೆ ಹೋಗುವಾಗ, ಪ್ರಕಾಶಕರು ಯಾರೆಂದು ತಿಳಿಸುವ ಘೋಷಣಾ ಪತ್ರಕ್ಕೆ ನಿಮ್ಮಲ್ಲೊಬ್ಬರು ಸಹಿ ಹಾಕಿ, ಅವರನ್ನು ಖುದ್ದಾಗಿ ಬಲ್ಲ ಇಬ್ಬರಿಂದ ದೃಢೀಕರಿಸಿ, ಎರಡು ಪ್ರತಿಗಳಲ್ಲಿ ಕೊಂಡೊಯ್ಯಿರಿ. ಮುದ್ರಣವಾದ ಮೇಲೆ ಘೋಷಣೆಯ ಒಂದು ಪ್ರತಿಯನ್ನೂ ಕಿರುಪುಸ್ತಕದ ಒಂದು ಪ್ರತಿಯನ್ನೂ ಜಿಲ್ಲಾಧಿಕಾರಿಗಳಿಗೆ ಕಳುಹಿಸುವುದು ಮುದ್ರಕರ ಹೊಣೆ.