ದಾಸರ ಪದ ಹಳೆಯದು, ರೆಕಾರ್ಡಿಂಗ್ ಹಳೆಯದಲ್ಲ

ಪ್ರಶ್ನೆ: ಮಾನ್ವಿಯ ಜಗನ್ನಾಥದಾಸರ ಕೀರ್ತನೆಗಳನ್ನು ಹೆಸರಾಂತ ಗಾಯಕರ ದನಿಯಲ್ಲಿ ಕೇಳಿಸುವ ಆ್ಯಪ್ ಮಾಡುತ್ತಿದ್ದೇವೆ. ಪದಗಳು ಇನ್ನೂರು ವರ್ಷ ಹಳೆಯವು. ಲೈಸೆನ್ಸ್ ಯಾಕೆ ಬೇಕು?
– ಓದುಗರು, ರಾಯಚೂರು

ಉತ್ತರ: ಸಾಹಿತ್ಯಕ್ಕೆ ಬೇಡ, ರೆಕಾರ್ಡಿಂಗಿಗೆ ಬೇಕು. ಅದರ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಈ ಮೂಲ ರೆಕಾರ್ಡಿಂಗನ್ನೇ ‘ಮಾಸ್ಟರ್’ ಎನ್ನುವುದು. ಅದಕ್ಕೆ ಅನುಮತಿಯನ್ನು ಕ್ಯಾಸೆಟ್ ಕಂಪನಿಯಿಂದ ನೇರವಾಗಿ ಬರಹದಲ್ಲಿ ಪಡೆಯಿರಿ. ಯಾರಾದರೂ ಹೊಸದಾಗಿ ರಾಗ ಕೂಡಿಸಿದ್ದರೆ ಅದು ಬೇರೆ ಹಕ್ಕು. ಅವರು ಐಪಿಆರ್‌ಎಸ್ (ಸಂಗೀತ ಸಂಯೋಜಕರು, ಗೀತರಚನಕಾರರ ಪರವಾಗಿ ರಾಯಧನ ಸಂಗ್ರಹಿಸುವ ಸಂಸ್ಥೆ) ಸದಸ್ಯರಾಗಿದ್ದರೆ ಆ ಸಂಸ್ಥೆಯನ್ನು ಕೇಳಬೇಕು.

ಕರಾರಿನಲ್ಲಿ ‘ಆನ್-ಡಿಮಾಂಡ್’ ಪದ ಹುಡುಕಿ. ಕೇಳುಗ ಬೇಕಾದ ಹಾಡನ್ನೇ ಆರಿಸಿ ಕೇಳುವುದಕ್ಕೆ ಇದು ಬೇಕು. ರೇಡಿಯೊ ಮಾದರಿಯ ಅನುಮತಿ ಸಾಲದು. ಡೌನ್‌ಲೋಡ್ ಸೌಲಭ್ಯವನ್ನೂ ಬೇರೆಯಾಗಿ ಬರೆಸಿ. ಹಾಡಿಗೆ ವಿಡಿಯೊ ಜೋಡಿಸಿದರೆ ‘ಸಿಂಕ್’ ಲೈಸೆನ್ಸ್. ಪ್ರತಿ ರೆಕಾರ್ಡಿಂಗನ್ನು ಗುರುತಿಸುವ 12 ಅಕ್ಷರ-ಅಂಕೆಗಳ ಐಎಸ್‌ಆರ್‌ಸಿ ಸಂಕೇತ ಮೊದಲೇ ಇಸಕೊಳ್ಳಿ, ಇಲ್ಲದಿದ್ದರೆ ರಾಯಧನದ ಲೆಕ್ಕ ತಾಳೆಯಾಗುವುದಿಲ್ಲ. ನಿಮ್ಮ ಸ್ವಂತ ಸ್ಟ್ರೀಮಿಂಗ್ ಚಂದಾ ಇದಕ್ಕೆ ನಡೆಯುವುದಿಲ್ಲ.

ನಮ್ಮನ್ನು ಕೇಳಿದರೆ, ರಾಯಚೂರಿನ ಭಜನಾ ಮಂಡಳಿಯವರಿಂದಲೇ ಸಾಂಪ್ರದಾಯಿಕ ಧಾಟಿಯಲ್ಲಿ ಹಾಡಿಸಿ, ಹೊಸದಾಗಿ ರೆಕಾರ್ಡ್ ಮಾಡಿಸುವುದು ಹಗುರ. ಆದರೆ ಅವರ ಸಹಿ ಪಡೆಯುವಾಗ ಅವಧಿ, ಪ್ರದೇಶ ಎರಡನ್ನೂ ಬರೆಯಿರಿ. ಬರೆಯದಿದ್ದರೆ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ನಿಮಗೆ ಹಕ್ಕು ಸಿಗುವುದು 5 ವರ್ಷ, ಭಾರತಕ್ಕೆ ಮಾತ್ರ.