ಕ್ರಿಸ್ಮಸ್ಸಿನ ಸಂತೋಷ ದಿನದ ಕೆಲಸದೊಳಗೆ ಸಿಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ವರ್ಷವರ್ಷವೂ ಮನೆಗೆ ನಕ್ಷತ್ರ ಕಟ್ಟುತ್ತೀರಿ, ಕೇಕು ತರುತ್ತೀರಿ, ರಾತ್ರಿಯ ಬಲಿಪೂಜೆಗೂ ಹೋಗುತ್ತೀರಿ, ಆದರೆ ಎಲ್ಲರೂ ಹೇಳುವ ಆ ಸಂತೋಷ ನಿಮ್ಮೊಳಗೆ ಹುಟ್ಟುವುದಿಲ್ಲ, ಮರುದಿನ ಮತ್ತೆ ಅದೇ ಕೆಲಸ, ಅದೇ ದಣಿವು. ಇದು ವಿಶ್ವಾಸದ ಕೊರತೆಯೇ, ದುಡಿಮೆಯ ನಡುವೆ ಆರಾಧನೆ ಎಂಬುದು ನಿಜಕ್ಕೂ ಸಾಧ್ಯವೇ, ಈ ಸಲದ ಹಬ್ಬಕ್ಕೆ ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು ಎಂದು ಕೇಳಿದ್ದೀರಿ. ನಾನು ಗುರುವಲ್ಲ, ದೈವಶಾಸ್ತ್ರ ಓದಿದವನೂ ಅಲ್ಲ. ವಿರಾಜಪೇಟೆಯ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನ ಕೆಲಸ ಮಾಡುವ ಕಥೋಲಿಕ. ಡಿಸೆಂಬರ್ ಎಂದರೆ ನನ್ನ ಪಾಲಿಗೆ ಉಸಿರಾಡಲೂ ಪುರುಸೊತ್ತಿಲ್ಲದ ತಿಂಗಳು. ಆದ್ದರಿಂದ ಬಿಡುವಿರುವವರ ಭಕ್ತಿಯ ಬಗ್ಗೆ ನಾನು ಹೇಳಲಾರೆ, ಬಿಡುವಿಲ್ಲದವರ ಭಕ್ತಿಯ ಬಗ್ಗೆ ಒಂದಿಷ್ಟು ಹೇಳಬಲ್ಲೆ.

ಮೊದಲಿಗೆ ಶುಭಸಂದೇಶವನ್ನೇ ನೋಡೋಣ. ಸಂತ ಲೂಕನ ಎರಡನೆಯ ಅಧ್ಯಾಯದಲ್ಲಿ ದೇವದೂತನ ಮಾತು ಕೇಳಿಸಿದ್ದು ರಾತ್ರಿ ಪಾಳಿಯಲ್ಲಿ ಕುರಿ ಕಾಯುತ್ತಿದ್ದವರಿಗೆ. ಅವರು ಆ ಸಂತೋಷಕ್ಕಾಗಿ ಯಾವ ಸಿದ್ಧತೆಯನ್ನೂ ಮಾಡಿಕೊಂಡಿರಲಿಲ್ಲ, ಮನಸ್ಸನ್ನು ಹದಗೊಳಿಸಿಕೊಂಡು ಕೂತಿರಲಿಲ್ಲ. ಅದು ಸುದ್ದಿಯಾಗಿ ಅವರ ಬಳಿಗೆ ಬಂತು, ಮತ್ತು ಅವರಲ್ಲಿ ಮೊದಲು ಹುಟ್ಟಿದ್ದು ಸಂತೋಷವಲ್ಲ, ಹೆದರಿಕೆ. ಅವರು ಎದ್ದು ಬೆತ್ಲೆಹೇಮಿಗೆ ಹೋದರು, ಗೋದಲಿಯಲ್ಲಿ ಮಲಗಿದ್ದ ಮಗುವನ್ನು ಕಂಡರು, ಕೇಳಿದ್ದನ್ನು ಹೇಳಿದರು. ನಾವು ಸಾಮಾನ್ಯವಾಗಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಇಪ್ಪತ್ತನೆಯ ವಚನ ಮುಂದುವರಿದು, ಅವರು ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರು ಎನ್ನುತ್ತದೆ. ಹಿಂದಿರುಗಿದ್ದು ಎಲ್ಲಿಗೆ? ಕುರಿಗಳ ಬಳಿಗೇ ಅಲ್ಲವೇ. ಕೊಟ್ಟಿಗೆಯ ಬಳಿಯೇ ಉಳಿದುಬಿಡಿ ಎಂದು ಯಾರೂ ಅವರಿಗೆ ಹೇಳಲಿಲ್ಲ. ಕ್ರಿಸ್ಮಸ್ ದಿನಕ್ಕೆ ರಾತ್ರಿ, ಮುಂಜಾನೆ, ಹಗಲು ಎಂದು ಮೂರು ಬಲಿಪೂಜೆಗಳನ್ನು ನಮ್ಮ ಧರ್ಮಸಭೆ ಗೊತ್ತುಮಾಡಿದೆ. ಈ ಹಿಂದಿರುಗುವ ಭಾಗವನ್ನು ಓದುವುದು ಮುಂಜಾನೆಯ ಪೂಜೆಯಲ್ಲಿ. ರಾತ್ರಿಯ ಪೂಜೆಗೆ ಮಾತ್ರ ಹೋಗಿ ಬೆಳಿಗ್ಗೆ ತಡವಾಗಿ ಏಳುವ ನಮ್ಮಂಥ ಬಹಳ ಜನರ ಕಿವಿಗೆ ಆ ಮಾತು ಹಬ್ಬದ ದಿನ ಬೀಳುವುದೇ ಇಲ್ಲ. ಇಪ್ಪತ್ತಾರನೆಯ ತಾರೀಖಿನ ಕೆಲಸ ನಿಮಗೆ ಹಬ್ಬದ ಸೋಲಿನಂತೆ ಕಾಣುತ್ತಿರುವುದಕ್ಕೆ ಅದೂ ಒಂದು ಕಾರಣ ಇರಬಹುದು.

ನಮ್ಮಲ್ಲಿ ಅರೇಬಿಕಾ ಹಣ್ಣಾಗುವುದು ಇದೇ ದಿನಗಳಲ್ಲಿ. ಕೊಯ್ದ ಹಣ್ಣನ್ನು ಅಂದೇ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಬೇಕು, ತಡಮಾಡಿದರೆ ಹುಳಿ ಹಿಡಿದು ಬೀಜ ಕೆಡುತ್ತದೆ. ಹೀಗಾಗಿ ಡಿಸೆಂಬರ್ 24ರ ಸಂಜೆಯೂ ಯಂತ್ರ ಓಡುತ್ತಿರುತ್ತದೆ, ಮತ್ತು ಕೈ ಎಷ್ಟು ತಿಕ್ಕಿ ತೊಳೆದರೂ ಹಣ್ಣಿನ ಸಿಪ್ಪೆಯ ವಾಸನೆಯನ್ನು ಹೊತ್ತೇ ನಾವು ದೇವಾಲಯಕ್ಕೆ ಹೋಗುತ್ತೇವೆ. ಆನೆ ಓಡಾಡುವ ರಸ್ತೆಯಾದ್ದರಿಂದ ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರು, ನಾವು, ಎಲ್ಲರೂ ಒಟ್ಟಾಗಿ ಜೀಪಿನಲ್ಲಿ ಹೊರಡುವುದು. ಮರುದಿನ ತೋಟಕ್ಕೆ ರಜೆ ಇದ್ದರೂ ಕಣದಲ್ಲಿ ಹರವಿದ ಕಾಫಿಗೆ ರಜೆ ಇಲ್ಲ. ಬಿಸಿಲಿಗೆ ಅದನ್ನು ತಿರುವುತ್ತಿರಬೇಕು, ಇಬ್ಬನಿ ಬೀಳುವ ಮೊದಲು ಮುಚ್ಚಬೇಕು. ಯಾರಾದರೂ ಇಬ್ಬರು ಹಬ್ಬದ ಊಟ ಬಿಟ್ಟು ಆ ಕೆಲಸಕ್ಕೆ ಹೋಗಿಯೇ ಹೋಗುತ್ತಾರೆ. ಅವರನ್ನು ಹಬ್ಬ ತಪ್ಪಿಸಿಕೊಂಡವರು ಎಂದು ನಾನು ಎಣಿಸುವುದಿಲ್ಲ.

ಕೊಯ್ಲಿನ ದಿನಗಳಲ್ಲಿ ನನ್ನ ಕೆಲಸದ ಮುಖ್ಯ ಭಾಗ ಸಂಜೆಯ ತೂಕ. ದಿನವಿಡೀ ಕೊಯ್ದವರು ಚೀಲ ಹೊತ್ತು ತಂದು ಸಾಲಾಗಿ ನಿಲ್ಲುತ್ತಾರೆ. ತಕ್ಕಡಿ ತೋರಿಸಿದ್ದನ್ನು ನಾನು ಪುಸ್ತಕದಲ್ಲಿ ಬರೆಯುತ್ತೇನೆ, ಅದರ ಮೇಲೆ ಅವರ ಹೆಚ್ಚುವರಿ ಕೂಲಿ ನಿಲ್ಲುತ್ತದೆ. ಎಲೆ ಇದೆ, ಕಡ್ಡಿ ಇದೆ, ಚೀಲ ಒದ್ದೆಯಾಗಿದೆ ಎಂದು ಚೀಲಕ್ಕೆ ಒಂದೊಂದು ಕಿಲೋ ಕಳೆಯುವುದು ಎಷ್ಟು ಸುಲಭ ಎಂಬುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಕತ್ತಲಾಗಿರುತ್ತದೆ, ಎಲ್ಲರಿಗೂ ಮನೆ ಸೇರುವ ಅವಸರ ಇರುತ್ತದೆ, ಮೂಟೆ ಹೊತ್ತ ಹೆಂಗಸು ಮಗುವನ್ನು ನೆನೆಯುತ್ತಿರುತ್ತಾಳೆಯೇ ಹೊರತು ಅಂಕಿಯನ್ನು ನೋಡುತ್ತಿರುವುದಿಲ್ಲ. ಜ್ಞಾನೋಕ್ತಿಗಳ ಹನ್ನೊಂದನೆಯ ಅಧ್ಯಾಯದ ಮೊದಲ ವಚನ, ಮೋಸದ ತಕ್ಕಡಿ ದೇವರಿಗೆ ಅಸಹ್ಯ, ನ್ಯಾಯವಾದ ತೂಕ ಅವರಿಗೆ ಸಂತೋಷ ಎನ್ನುತ್ತದೆ. ನನಗೆ ಸಂತೋಷ ಎಲ್ಲಿದೆ ಎಂದು ನಾವು ವರ್ಷವಿಡೀ ಹುಡುಕುತ್ತಿರುತ್ತೇವೆ. ದೇವರ ಸಂತೋಷ ಎಲ್ಲಿದೆ ಎಂದು ಅಷ್ಟು ಖಚಿತವಾಗಿ ಬರೆದಿಟ್ಟಿರುವಾಗ ಅದನ್ನು ಓದಿ ಮುಂದೆ ಹೋಗಿಬಿಡುತ್ತೇವೆ. ನನ್ನ ಮಟ್ಟಿಗೆ ಹೇಳುವುದಾದರೆ, ಡಿಸೆಂಬರಿನ ಸಂಜೆ ಸರಿಯಾದ ಅಂಕಿಯನ್ನು ಗಟ್ಟಿಯಾಗಿ ಓದಿ, ಎದುರಿಗಿದ್ದವರಿಗೆ ಕೇಳಿಸಿತೆಂದು ಖಚಿತಪಡಿಸಿಕೊಂಡು ಬರೆಯುವುದು ಆರಾಧನೆಯೇ. ಅದು ಬಲಿಪೂಜೆಗೆ ಬದಲಿ ಎಂದು ಮಾತ್ರ ದಯವಿಟ್ಟು ತಿಳಿಯಬೇಡಿ. ಕೆಲಸವೇ ಪೂಜೆ ಎನ್ನುತ್ತಾ ಭಾನುವಾರ ದೇವಾಲಯದ ಕಡೆ ತಲೆ ಹಾಕದವರ ವಾದವನ್ನು ನಾನು ಒಪ್ಪುವುದಿಲ್ಲ. ಪೀಠದ ಮುಂದೆ ಕಾಣಿಕೆ ಅರ್ಪಿಸುವಾಗ, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಮನುಷ್ಯರ ದುಡಿಮೆಯ ಫಲವೆಂದು ಹೇಳಿಯೇ ಗುರುಗಳು ಎತ್ತಿ ಹಿಡಿಯುತ್ತಾರೆ. ಆ ದುಡಿಮೆ ಮೋಸದ್ದಾಗಿದ್ದರೆ ನಾವು ಅರ್ಪಿಸಿದ್ದಾದರೂ ಏನನ್ನು?

ನಿಮ್ಮ ಕೆಲಸ ಯಾವುದೆಂದು ನೀವು ಬರೆದಿಲ್ಲ. ಯಾವುದೇ ಆದರೂ ಅದರಲ್ಲೊಂದು ತೂಕದ ತಕ್ಕಡಿ ಇದ್ದೇ ಇರುತ್ತದೆ, ಹುಡುಕಿ ನೋಡಿ.

ಇನ್ನು ಕ್ರಿಸ್ಮಸ್ಸನ್ನು ಒಂದೇ ದಿನಕ್ಕೆ ಕಟ್ಟಿಹಾಕಬೇಕಾಗಿಲ್ಲ ಎಂಬುದಕ್ಕೆ ನಮ್ಮ ಹಿರಿಯರು ಹೇಳಿಕೊಟ್ಟ ಪ್ರಾರ್ಥನೆಗಳೇ ಸಾಕ್ಷಿ. ತ್ರಿಕಾಲ ಪ್ರಾರ್ಥನೆಯನ್ನು ನೀವು ಚಿಕ್ಕಂದಿನಲ್ಲಿ ಕೇಳಿರಬಹುದು: ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಗಂಟೆಯ ಸದ್ದಿಗೆ ನಿಂತು, ದೇವದೂತನು ಮರಿಯಮ್ಮನವರಿಗೆ ತಂದ ಸಂದೇಶವನ್ನೂ ದೇವರ ವಾಕ್ಯವೇ ಮನುಷ್ಯರಾಗಿ ನಮ್ಮ ನಡುವೆ ವಾಸಿಸಿದ್ದನ್ನೂ ನೆನೆಯುವ ಪ್ರಾರ್ಥನೆ ಅದು. ಅಂದರೆ ಮಾರ್ಚಿನ ಸೆಕೆಯಲ್ಲೂ ಜುಲೈಯ ಜಡಿಮಳೆಯಲ್ಲೂ ದಿನಕ್ಕೆ ಮೂರು ಬಾರಿ ಕ್ರಿಸ್ಮಸ್ಸಿನ ವಿಷಯವೇ ನಡೆಯುತ್ತಿರುತ್ತದೆ. ತೋಟದಲ್ಲಿ ದೇವಾಲಯದ ಗಂಟೆ ಕೇಳಿಸುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಹೊಡೆಯುವ ತೋಟದ ಗಂಟೆಯನ್ನೇ ನಾನು ಅದಕ್ಕೆ ಬಳಸಿಕೊಂಡಿದ್ದೇನೆ. ಬುತ್ತಿ ಬಿಚ್ಚುವ ಮೊದಲು ಒಂದು ನಿಮಿಷ ಸಾಕು, ಪಕ್ಕದವರಿಗೆ ಗೊತ್ತಾಗಬೇಕೆಂದೂ ಇಲ್ಲ. ಭಾವನೆ ಉಕ್ಕುತ್ತದೆಯೇ ಎಂದು ಕೇಳಿದರೆ, ಹೆಚ್ಚಿನ ದಿನ ಇಲ್ಲ. ಭಾವನೆ ಎಂಬುದು ಕಾಫಿ ಗಿಡ ಹೂಬಿಡಲು ಬೇಕಾದ ಮಾರ್ಚಿನ ಹೂಮಳೆಯ ಹಾಗೆ, ಬಂದರೆ ಪುಣ್ಯ. ಅದು ಬರಲಿಲ್ಲವೆಂದು ಯಾರೂ ಕಪಾತು, ಅಂದರೆ ಗಿಡದ ರೆಂಬೆ ಸವರುವುದನ್ನು, ನಿಲ್ಲಿಸುವುದಿಲ್ಲ.

ಜಪಸರದ ವಿಷಯದಲ್ಲೂ ಒಂದು ಮಾತು. ಸೋಮವಾರ ಮತ್ತು ಶನಿವಾರ ನಾವು ಧ್ಯಾನಿಸುವ ಸಂತೋಷದ ರಹಸ್ಯಗಳು, ಅಂದರೆ ಯೇಸುಸ್ವಾಮಿ ಮತ್ತು ಮರಿಯಮ್ಮನವರ ಬದುಕಿನ ಘಟನೆಗಳು, ಐದು. ಯೇಸುಸ್ವಾಮಿಯ ಜನನ ಅವುಗಳಲ್ಲಿ ಮೂರನೆಯದು. ಅದರ ಮುಂದಿನ ಎರಡನ್ನು ಗಮನಿಸಿ. ನಾಲ್ಕನೆಯದರಲ್ಲಿ ಮಗುವನ್ನು ದೇವಾಲಯದಲ್ಲಿ ಅರ್ಪಿಸುವಾಗ, ಮುದುಕ ಸಿಮೆಯೋನನು ತಾಯಿಗೆ, ನಿನ್ನ ಹೃದಯವನ್ನೂ ಖಡ್ಗವೊಂದು ತೂರಿಹೋಗುವುದು ಎನ್ನುತ್ತಾನೆ. ಐದನೆಯದರಲ್ಲಿ ಕಳೆದುಹೋದ ಮಗನನ್ನು ತಂದೆತಾಯಿ ಮೂರು ದಿನ ಹುಡುಕುತ್ತಾರೆ. ಇವನ್ನೂ ಸಂತೋಷದ ಪಟ್ಟಿಗೇ ಸೇರಿಸಿದವರು ಸಂತೋಷವೆಂದರೆ ನಗು, ಹಾಡು ಎಂದಷ್ಟೇ ತಿಳಿದಿದ್ದವರಲ್ಲ. ಧರ್ಮಸಭೆಯ ಪಂಚಾಂಗವೂ ಹಾಗೆಯೇ ಇದೆ: ಹಬ್ಬದ ಮರುದಿನವೇ ಕಲ್ಲೇಟಿಗೆ ಸತ್ತ ಸಂತ ಸ್ತೇಫನರ ಸ್ಮರಣೆ, 28ಕ್ಕೆ ಹೆರೋದನು ಕೊಲ್ಲಿಸಿದ ಹಸುಗೂಸುಗಳ ಸ್ಮರಣೆ.

ಕೊಡಗಿನಲ್ಲಿ ಇದನ್ನು ಅರ್ಥಮಾಡಿಕೊಳ್ಳಲು ಕಷ್ಟವಿಲ್ಲ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1792ರಲ್ಲಿ ವಿರಾಜಪೇಟೆಯನ್ನು ಕಟ್ಟಿಸಿದಾಗ, ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕ್ರೈಸ್ತರಿಗೆ ಇಲ್ಲಿ ನೆಲೆ ಕೊಟ್ಟ. ಸಂತ ಅನ್ನಮ್ಮನವರ ದೇವಾಲಯದ ಇತಿಹಾಸ ಅಲ್ಲಿಂದ ಶುರುವಾಗುತ್ತದೆ. ಮನೆ, ಹೊಲ, ಬಂಧುಗಳನ್ನು ಕಳೆದುಕೊಂಡವರು ಕಟ್ಟಿಕೊಂಡ ಸಭೆ ನಮ್ಮದು. ತೀರ ಇತ್ತೀಚೆಗೆ, 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆಗಳ ಕಡೆ ಗುಡ್ಡಗಳು ಜರಿದು ಮನೆ, ತೋಟ ಎಲ್ಲವೂ ಹೋದವು. ಅದೇ ಡಿಸೆಂಬರಿನಲ್ಲಿ, ಮಡಿಕೇರಿಯಲ್ಲಿ ಬಾಡಿಗೆಗಿದ್ದ ನಮ್ಮ ನೆಂಟರೊಬ್ಬರು ನಕ್ಷತ್ರ ಕಟ್ಟಲಿಲ್ಲ, ತಿಂಡಿ ಮಾಡಲಿಲ್ಲ. ಬಲಿಪೂಜೆಗೆ ಮಾತ್ರ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಒಂದು ಹಾಡಿಗೂ ಬಾಯಿ ತೆರೆಯದೆ, ಪರಮಪ್ರಸಾದ ಸ್ವೀಕರಿಸಿ ಹೋದರು. ಅವರ ವಿಶ್ವಾಸ ಕಡಿಮೆಯಾಗಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಗುಡ್ಡ ಜರಿದದ್ದು ದೇವರು ಕಲಿಸಿದ ಪಾಠ ಎಂದು ಆಗ ಉಪದೇಶಿಸುತ್ತಿದ್ದವರ ಮಾತಿಗಿಂತ ಆ ಮೌನವೇ ಹೆಚ್ಚು ಕ್ರೈಸ್ತವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಸಂತೋಷ ಹುಟ್ಟದಿದ್ದರೂ ಬಂದು ಮೊಣಕಾಲೂರುವುದು ಆರಾಧನೆಯ ಕಡಿಮೆ ದರ್ಜೆಯಲ್ಲ. ನಿಮಗೂ ಇದೇ ಮಾತು ಅನ್ವಯಿಸುತ್ತದೆ.

ಫ್ರಾನ್ಸಿನ ಲಿಸಿಯೂವಿನ ಸಂತ ತೆರೇಸಮ್ಮನವರ ಬದುಕಿನ ಒಂದು ಘಟನೆಯನ್ನು ನಿಮಗೆ ಹೇಳಲೇಬೇಕು. 1886ರ ಕ್ರಿಸ್ಮಸ್, ಅವರಿಗಿನ್ನೂ ಹದಿನಾಲ್ಕು ತುಂಬಿರಲಿಲ್ಲ. ರಾತ್ರಿಯ ಪೂಜೆ ಮುಗಿಸಿ ಬಂದಾಗ, ಮಕ್ಕಳಿಗಾಗಿ ಒಲೆಯ ಬಳಿ ಪಾದರಕ್ಷೆಯಲ್ಲಿ ಉಡುಗೊರೆ ಇಡುವ ಪದ್ಧತಿಯನ್ನು ಕಂಡು, ದಣಿದಿದ್ದ ತಂದೆ, ಸದ್ಯ ಇದೇ ಕೊನೆಯ ವರ್ಷ ಎಂಬರ್ಥದ ಮಾತನ್ನು ಬೇಸರದಿಂದ ಆಡಿಬಿಟ್ಟರು. ಮೆಟ್ಟಿಲು ಹತ್ತುತ್ತಿದ್ದ ಹುಡುಗಿಗೆ ಅದು ಕೇಳಿಸಿತು. ಸಣ್ಣ ಮಾತಿಗೂ ಅಳುವ ಸ್ವಭಾವ ಅವರದು. ಅಂದು ಮಾತ್ರ ಕಣ್ಣೀರು ನುಂಗಿಕೊಂಡು ಕೆಳಗಿಳಿದು ಬಂದು, ತಂದೆಯ ಮುಂದೆ ಒಂದೊಂದೇ ಉಡುಗೊರೆಯನ್ನು ನಗುತ್ತಾ ತೆರೆದರು. ತಮ್ಮ ಮನಪರಿವರ್ತನೆಯ ರಾತ್ರಿ ಅದೇ ಎಂದು ಅವರು ಮುಂದೆ ಬರೆದುಕೊಂಡರು. ದರ್ಶನವಿಲ್ಲ, ಪವಾಡವಿಲ್ಲ, ದಣಿದ ಅಪ್ಪನ ಮೇಲೆ ಸಿಟ್ಟಾಗದೆ ಇದ್ದದ್ದು, ಅಷ್ಟೇ. ಹಬ್ಬದ ದಿನ ನಮ್ಮ ಮನೆಗಳಲ್ಲಿ ಎಲ್ಲರೂ ದಣಿದಿರುತ್ತಾರೆ, ಯಾರಾದರೂ ಒಬ್ಬರು ಚುಚ್ಚುವ ಮಾತು ಆಡಿಯೇ ಆಡುತ್ತಾರೆ. ಆ ಕ್ಷಣದಲ್ಲಿ ನೀವು ಏನು ಮಾಡುತ್ತೀರಿ ಎಂಬುದು, ಬಲಿಪೂಜೆಯಲ್ಲಿ ನಿಮ್ಮ ಮೈ ನವಿರೆದ್ದಿತೇ ಇಲ್ಲವೇ ಎಂಬುದಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ.

ಕೊನೆಯದಾಗಿ ಏನನ್ನು ಬಿಡುವುದು, ಏನನ್ನು ಉಳಿಸುವುದು ಎಂಬ ಪ್ರಶ್ನೆ. ಮನೆಯಲ್ಲಿ ಯೇಸುವಿನ ಜನನದ ದೃಶ್ಯ ತೋರಿಸುವ ಗೋದಲಿಯನ್ನು ಬಿಡಬೇಡಿ, ಅದರ ಸ್ಪರ್ಧೆಯನ್ನು ಬಿಡಿ. ಅಸ್ಸೀಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಎತ್ತು, ಕತ್ತೆ, ಹುಲ್ಲು ತರಿಸಿ ಗೋದಲಿ ಮಾಡಿಸಿದ್ದು, ಆ ಮಗು ಎಂಥ ಇಕ್ಕಟ್ಟಿನಲ್ಲಿ ಹುಟ್ಟಿತೆಂಬುದನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿಂದ. ಅಲ್ಲಿಯೇ ಬಲಿಪೂಜೆಯೂ ನಡೆಯಿತು. ನಮ್ಮ ಮನೆಯ ಮಕ್ಕಳು ಮರದ ಪಾಚಿ ಕಿತ್ತು ತರುತ್ತಾರೆ, ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಗದ್ದೆ ಮಾಡುತ್ತಾರೆ; ಬಲ್ಬುಗಳ ಸರಕ್ಕಿಂತ ಆ ರಾಗಿಗೆ ದಿನಾ ನೀರು ಚಿಮುಕಿಸುವುದರಲ್ಲಿ ಅವರಿಗೆ ಆಗಮನ ಕಾಲ, ಅಂದರೆ ಕ್ರಿಸ್ಮಸ್ಸಿಗೆ ಕಾಯುವ ವಾರಗಳು, ಎಂದರೇನೆಂದು ಹೆಚ್ಚು ತಿಳಿಯುತ್ತದೆ. ತಿಂಡಿಯ ವಿಷಯದಲ್ಲಿ, ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ಎಲ್ಲ ಬಗೆಯನ್ನೂ ಮಾಡಿ ಮನೆಯ ಹೆಂಗಸರು ಬಲಿಪೂಜೆಯಲ್ಲಿ ತೂಕಡಿಸುವಂತಾಗುವುದು ನನಗೆ ಸರಿಕಾಣುವುದಿಲ್ಲ. ನೆವ್ರಿ ಮತ್ತು ಕಿಡಿಯೊ ಸಾಕು, ಅದಕ್ಕೂ ಗಂಡಸರು ಕೂತು ಹಿಟ್ಟು ಒತ್ತಲಿ. ಹಂಚುವುದನ್ನು ಮಾತ್ರ ಬಿಡಬಾರದು; ತಮ್ಮ ಸುಗ್ಗಿ ಹಬ್ಬ ಹುತ್ತರಿಗೆ ತಂಬುಟ್ಟು ಕಳುಹಿಸಿದ ಕೊಡವ ನೆರೆಮನೆಯವರಿಗೆ ನಮ್ಮ ತಟ್ಟೆ ಹೋಗದೆ ನಮ್ಮ ಹಬ್ಬ ಹಬ್ಬವಾಗುವುದಿಲ್ಲ.

ಪಾಪನಿವೇದನೆಯನ್ನು 24ರ ಸಂಜೆಯ ಸಾಲಿಗೆ ಉಳಿಸಿಕೊಳ್ಳದೆ ಹಿಂದಿನ ವಾರವೇ ಮುಗಿಸಿ. ಅವಸರವಿಲ್ಲದೆ ಗುರುಗಳೊಡನೆ ಮಾತನಾಡಿದರೆ ನಿಮ್ಮ ಈ ಪ್ರಶ್ನೆಗೆ ನನಗಿಂತ ಒಳ್ಳೆಯ ಉತ್ತರ ಸಿಗಬಹುದು. ಹಬ್ಬದ ಹಿಂದಿನ ಆ ದಿನಗಳಲ್ಲಿ ಲೂಕನ ಮೊದಲ ಎರಡು ಅಧ್ಯಾಯಗಳನ್ನು ದಿನಕ್ಕೆ ಸ್ವಲ್ಪದಂತೆ ಓದಿ. ನಿಮ್ಮ ಧರ್ಮಕೇಂದ್ರದಲ್ಲಿ ಮುಂಜಾನೆಯ ಪೂಜೆ ಇದ್ದರೆ ಒಂದು ವರ್ಷ ಅದಕ್ಕೇ ಹೋಗಿ ನೋಡಿ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಗೋದಲಿಯನ್ನು 26ಕ್ಕೇ ಬಿಚ್ಚಬೇಡಿ, ಜನವರಿ ಆರಂಭದ ಮೂರು ರಾಯರ ಹಬ್ಬದವರೆಗಾದರೂ ಇರಲಿ. ಕೆಲಸದಿಂದ ಬಂದು ಚಪ್ಪಲಿ ಬಿಟ್ಟ ಮೇಲೆ, ಫೋನು ಕೈಗೆತ್ತಿಕೊಳ್ಳುವ ಮೊದಲು, ಅದರ ಮುಂದೆ ಒಂದು ಪರಲೋಕ ಮಂತ್ರ ಹೇಳಲು ಅಷ್ಟು ದಿನ ನಿಮಗೆ ಅವಕಾಶವಿರುತ್ತದೆ.