ಮುಂಬೈಗೆ ಬರಲಾ ಅಂತ ಕೇಳಿದ ತಂಗಿಗೆ

ಹುಬ್ಬಳ್ಳಿಯಲ್ಲಿ ಎಂ.ಟೆಕ್ ಮುಗಿಸಿದ್ದೀಯ, ನವಿ ಮುಂಬೈಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಕೆಲಸ ಸಿಕ್ಕಿದೆ, ನೆಟ್‌ವರ್ಕಿಂಗ್ ಪಾಠ ಮಾಡುತ್ತಲೇ ಪಿಎಚ್‌ಡಿ ಆಗುತ್ತಾ, ಒಬ್ಬಳೇ ಇರಬಹುದಾ ಅಂತ ಕೇಳಿದ್ದೀಯ. ಅಣ್ಣ ಅಂತ ಕರೆದಿದ್ದೀಯಲ್ಲ, ನೀನು ಅಂತಲೇ ಬರೆಯುತ್ತೇನೆ. ಬಾ. ಆದರೆ ಸಂಬಳಕ್ಕಿಂತ ಮೊದಲು ಟೈಮ್‌ಟೇಬಲ್ ಕೇಳು.

ಯುಜಿಸಿ ಲೆಕ್ಕದಲ್ಲಿ ನಿನಗೆ ವಾರಕ್ಕೆ 16 ಗಂಟೆ ಪಾಠ. ಟರ್ಮ್‌ವರ್ಕ್, ಓರಲ್, ಪೇಪರ್ ತಿದ್ದುವುದು, ಅಡ್ಮಿಷನ್ ಡ್ಯೂಟಿ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು ಎಲ್ಲಾ ಅದರ ಹೊರಗೆ. ಹಾಗಾಗಿ ಎರಡು ಬೇರೆ ಸಬ್ಜೆಕ್ಟ್ ಕೊಡುತ್ತಾರಾ ಅಥವಾ ಒಂದೇ ಸಬ್ಜೆಕ್ಟ್ ಎರಡು ಡಿವಿಷನ್‌ಗಾ ಅಂತ ಕೇಳು. ಎರಡನೆಯದಾದರೆ ಸಂಜೆ ಸ್ವಲ್ಪ ತಲೆ ಉಳಿಯುತ್ತದೆ. ಪವಾಯಿಯ ಐಐಟಿ ಬಾಂಬೆಯಲ್ಲಿ ಫುಲ್‌ಟೈಮ್ ಪಿಎಚ್‌ಡಿ ಸೀಟು ಸಿಕ್ಕರೆ ಮಾತ್ರ ಇನ್ನೊಮ್ಮೆ ಯೋಚಿಸು. ರಿಸರ್ಚ್ ಮಾಡುವವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ದರ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಕಡಿಮೆ ಅನ್ನಿಸಬಹುದು, ಆದರೆ ಈ ಊರಲ್ಲಿ ಹಾಸ್ಟೆಲ್ ರೂಮ್ ಅಂದರೆ ಅರ್ಧ ಸಂಬಳ ಇದ್ದ ಹಾಗೆ.

ಇನ್ನು ರಿಸರ್ಚ್. ನಮ್ಮಲ್ಲಿ ತುಂಬಾ ಜನ ಎನ್‌ಎಸ್-3 ಅನ್ನುವ ಸಾಫ್ಟ್‌ವೇರ್‌ನಲ್ಲಿ ನೆಟ್‌ವರ್ಕಿನ ಸಿಮ್ಯುಲೇಷನ್ ಓಡಿಸಿ, ನಾಲ್ಕು ಗ್ರಾಫ್ ಹಾಕಿ ಪೇಪರ್ ಬರೆಯುತ್ತಾರೆ. ಬೇಡ ಅನ್ನಲ್ಲ, ಆದರೆ ಮುಂಬೈಯಲ್ಲಿದ್ದು ಬರೀ ಅದನ್ನೇ ಮಾಡುವುದು ಸಮುದ್ರದ ದಂಡೆಯಲ್ಲಿ ಕೂತು ಕೆರೆ ಮೀನು ತರಿಸಿದ ಹಾಗೆ. ನೀನು ಬಾಡಿಗೆಗಿರುವ ಬಿಲ್ಡಿಂಗೇ ಲ್ಯಾಬ್. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಅಂತ ನಾವೆಲ್ಲ ಬಳಸುವುದು ಮೂರೇ, 1, 6, 11. ರೂಟರ್ ಮಾತ್ರ ಮನೆಗೊಂದು. ಪ್ರತಿ ರೂಟರ್ ಸುಮಾರು 102 ಮಿಲಿಸೆಕೆಂಡಿಗೊಮ್ಮೆ ನಾನಿದ್ದೇನೆ ಅಂತ ಬೀಕನ್ ಕಳಿಸುತ್ತಿರುತ್ತದೆ. 300 ಬೈಟಿನ ಬೀಕನ್ 1 ಎಂಬಿಪಿಎಸ್‌ನಲ್ಲಿ ಹೋದರೆ 2.4 ಮಿಲಿಸೆಕೆಂಡ್ ಬೇಕು. ಒಂದು ಚಾನೆಲ್‌ನಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬೇಕು, ಹಾಗಾಗಿ ಒಂದೇ ಚಾನೆಲ್‌ನಲ್ಲಿ ಇಂಥ 20 ರೂಟರ್ ಒಂದಕ್ಕೊಂದು ಕೇಳಿಸುವಷ್ಟು ಹತ್ತಿರ ಇದ್ದರೆ, ಯಾರೂ ಏನೂ ಡೌನ್‌ಲೋಡ್ ಮಾಡದಿದ್ದರೂ ಹತ್ತಿರ ಹತ್ತಿರ ಅರ್ಧ ಸಮಯ ಇದಕ್ಕೇ ಹೋಯಿತು! ಈ ಲೆಕ್ಕ ಬೋರ್ಡಿನ ಮೇಲೆ ಹಾಕಿ, ಡೊಂಬಿವಲಿ, ಧಾರಾವಿ, ವಾಶಿಯಿಂದ ಬರುವ ಹುಡುಗರಿಗೆ ಅವರವರ ಬಿಲ್ಡಿಂಗಿನಲ್ಲಿ ಸ್ಕ್ಯಾನ್ ಮಾಡಿಕೊಂಡು ಬನ್ನಿ ಅನ್ನು. ಹಿಂದಿನ ಬೆಂಚಿನವನೂ ಎದ್ದು ಕೂರುತ್ತಾನೆ. ನಿನಗೆ ಬೇಕಿರುವುದು ಒಂದು ಲ್ಯಾಪ್‌ಟಾಪ್, ಮಾನಿಟರ್ ಮೋಡ್ (ಸುತ್ತಲಿನ ವೈಫೈ ಎಲ್ಲ ಕೇಳಿಸಿಕೊಳ್ಳುವುದು) ಇರುವ ಯುಎಸ್‌ಬಿ ಅಡಾಪ್ಟರ್, ಹಿಡಿದದ್ದನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್ ಸಾಫ್ಟ್‌ವೇರ್, ಅಷ್ಟೇ. ಬೀಕನ್ ಮಾತ್ರ ಹಿಡಿ, ಅಕ್ಕಪಕ್ಕದವರ ಡೇಟಾ ಮುಟ್ಟಬೇಡ.

ಊರು ದಾಟಿದರೆ ಸಮಸ್ಯೆ ಉಲ್ಟಾ, ಅಲ್ಲಿ ನೆಟ್ ತಲುಪುವುದೇ ಕಷ್ಟ. ಪಾಲ್ಘರ್ ಹಳ್ಳಿಗಳಲ್ಲಿ ಐಐಟಿ ಬಾಂಬೆಯವರು ಟಿವಿ ಬ್ಯಾಂಡಿನಲ್ಲಿ ಖಾಲಿ ಬಿದ್ದ ಚಾನೆಲ್‌ಗಳಲ್ಲಿ ಇಂಟರ್ನೆಟ್ ಹರಿಸಿ ನೋಡಿದ್ದಾರೆ, ಗ್ರಾಮ್ ಮಾರ್ಗ್ ಅಂತ ಆ ಕೆಲಸದ ಹೆಸರು. ಆ ತರಂಗಗಳು ವೈಫೈಗಿಂತ ದೂರ ಹೋಗುತ್ತವೆ, ಮರಗಿಡ ದಾಟುತ್ತವೆ. ಅವರ ಪೇಪರ್‌ಗಳನ್ನು ಓದು. ಜನವರಿಯಲ್ಲಿ ಬೆಂಗಳೂರಲ್ಲಿ ಕಾಮ್ಸ್‌ನೆಟ್ಸ್ ಅಂತ ನೆಟ್‌ವರ್ಕಿಂಗ್ ಸಮ್ಮೇಳನ ನಡೆಯುತ್ತದೆ, ಪೋಸ್ಟರ್ ಆದರೂ ಹಾಕು, ಬರುವಾಗ ಮನೆಗೂ ಹೋಗಿ ಬಂದರಾಯಿತು.

ಇರುವುದಕ್ಕೇನೂ ಭಯ ಬೇಡ. ಬಾಡಿಗೆ ನೋಡುವ ಮೊದಲು ಲೋಕಲ್ ಟ್ರೇನಿನ ಲೈನ್ ನೋಡು, ಕಾಲೇಜು ಹಾರ್ಬರ್ ಲೈನಿನಲ್ಲಿದ್ದರೆ ಮನೆಯೂ ಅಲ್ಲೇ ಇರಲಿ. ಕರಾರು 11 ತಿಂಗಳದ್ದು, ಬ್ರೋಕರ್‌ಗೆ ಬೇರೆ ಕೊಡಬೇಕು. ಕ್ಲಾಸಿನಲ್ಲಿ ಇಂಗ್ಲಿಷ್, ಹಿಂದಿ ನಡೆಯುತ್ತದೆ, ಆದರೆ ಆಫೀಸಿನ ಕ್ಲರ್ಕ್ ಹತ್ತಿರ ಮರಾಠಿಯಲ್ಲಿ ಎರಡು ಮಾತಾಡಿದರೆ ಕೆಲಸ ಬೇಗ ಆಗುತ್ತದೆ, ಹುಬ್ಬಳ್ಳಿಯವಳಿಗೆ ಅದೇನು ಕಷ್ಟ ಅಲ್ಲ ಬಿಡು. ಕನ್ನಡ ಕೇಳಬೇಕು ಅನ್ನಿಸಿದರೆ ಮಾಟುಂಗಾಕ್ಕೆ ಹೋಗು, ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಕಾಫಿಯೂ ಅಲ್ಲೇ ಸಿಗುತ್ತದೆ.

ಒಂದು ಮರೆಯಬೇಡ. ಸೇರುವ ದಿನ ಮೂಲ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತೇವೆ ಅಂತ ಕೆಲವು ಕಾಲೇಜಿನವರು ಕೇಳುತ್ತಾರೆ. ನಾನು ಕೊಟ್ಟಿದ್ದೆ, ಬಿಡುವಾಗ ವಾಪಸ್ ಪಡೆಯಲು ತಿಂಗಳುಗಟ್ಟಲೆ ಅಲೆಸಿದರು. ನೀನು ತೋರಿಸು, ಜೆರಾಕ್ಸ್ ಕೊಡು, ಮೂಲ ಮಾತ್ರ ಕೊಡಬೇಡ.